ಪಾಲುಪಟ್ಟಿಯ ಸಣ್ಣ ಸಾಲುಗಳು

ವರ್ಷವಿಡೀ ಸಾಕಾಗುವಷ್ಟು ಸೌದೆಯನ್ನು ಒಲೆಯ ಅಳತೆಗೆ ಕಡಿದು, ಸೀಳಿ, ಅವಳ ಬಾಗಿಲ ಬಳಿ ತಂದು ಹಾಕಬೇಕು. ಒಂದು ಹಸುವನ್ನು ಬೇಸಿಗೆಯಲ್ಲೂ ಚಳಿಗಾಲದಲ್ಲೂ ಮೇವು ಹಾಕಿ ಸಾಕಿಕೊಡಬೇಕು. ವರ್ಷಕ್ಕೆ ಇಷ್ಟು ಗೋಧಿ, ಇಷ್ಟು ಮುಸುಕಿನ ಜೋಳ, ಇಷ್ಟು ಹಂದಿಮಾಂಸ, ತೋಟದಿಂದ ಇಷ್ಟು ಸೇಬು. ಭಾನುವಾರ ಪ್ರಾರ್ಥನೆಗೆ ಹೋಗಲು ಕುದುರೆ. ಮನೆಯ ಪೂರ್ವದಿಕ್ಕಿನ ಕೋಣೆ ಅವಳದು. ಅಡುಗೆಮನೆಯನ್ನು ದಾಟಿ ಬಾವಿಗೆ ಹೋಗಿಬರುವ ಹಕ್ಕು, ಬ್ರೆಡ್ಡು ಸುಡುವ ಒಲೆಯನ್ನು ಬಳಸುವ ಹಕ್ಕು, ನೆಲಮಾಳಿಗೆಯಲ್ಲಿ ಅವಳ ಪೀಪಾಯಿಗಳಿಗೆ ಜಾಗ.

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ರೈತರು ಬರೆಸಿಟ್ಟ ಉಯಿಲುಗಳಲ್ಲಿ, ಹೆಂಡತಿಗೆ ಮೀಸಲಾದ ಭಾಗದಲ್ಲಿ, ಮತ್ತೆ ಮತ್ತೆ ಕಾಣುವ ಸಾಲುಗಳು ಈ ಬಗೆಯವು. ಉಯಿಲು ಬರೆಸುತ್ತಿದ್ದದ್ದು ಬಹುಮಟ್ಟಿಗೆ ಕಾಯಿಲೆ ಬಿದ್ದಾಗ. ಬರಹ ಬಲ್ಲ ನೆರೆಯವನೊಬ್ಬ ಹಾಸಿಗೆಯ ಪಕ್ಕ ಕೂತು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಮೊದಲು ದೇವರ ಹೆಸರು. ಆಮೇಲೆ, ಮೈ ಸೋತಿದೆ, ಬುದ್ಧಿ ನೆನಪುಗಳು ನೆಟ್ಟಗಿವೆ ಎಂಬ ಮಾತು. ಆತ್ಮ ದೇವರಿಗೆ, ದೇಹ ಮಣ್ಣಿಗೆ. ಇಷ್ಟಾದ ಮೇಲೆ ಲೋಕದ ಲೆಕ್ಕ ಶುರುವಾಗುತ್ತಿತ್ತು. ಉಳುವ ಹೊಲ ಯಾರಿಗೆ, ಹುಲ್ಲುಗಾವಲು ಯಾರಿಗೆ, ಎತ್ತಿನ ಜೋಡಿ ಯಾರಿಗೆ, ಹಕ್ಕಿಗರಿ ತುಂಬಿದ ಹಾಸಿಗೆ ಯಾರಿಗೆ. ಕೊನೆಯಲ್ಲಿ ಸಾಕ್ಷಿಗಳ ರುಜು. ರುಜು ಬಾರದವರದು ಒಂದು ಗೀಟು.

ಸಾವಿನ ಅಂಚಿನಲ್ಲಿ ಬರೆಸಿದ ಕಾಗದವನ್ನು ಬೆಳಗಿನ ಹೊತ್ತಿನಲ್ಲಿ ಏಕೆ ನೆನೆಯಬೇಕು ಎನ್ನಿಸಬಹುದು. ಆದರೆ ನಮ್ಮ ದಿನ ಶುರುವಾಗುವುದೂ ಹಂಚಿಕೆಯಿಂದಲೇ. ಇರುವ ಹೊತ್ತು, ಇರುವ ದುಡ್ಡು, ಇರುವಷ್ಟು ತಾಳ್ಮೆ, ಇವುಗಳಲ್ಲಿ ಯಾರ ಪಾಲಿಗೆ ಎಷ್ಟು ಎಂದು ಎದ್ದ ಅರ್ಧ ಗಂಟೆಯೊಳಗೆ ಮನಸ್ಸು ತೀರ್ಮಾನಿಸಿಬಿಟ್ಟಿರುತ್ತದೆ. ಆ ರೈತ ಬದುಕಿನಲ್ಲಿ ಒಮ್ಮೆ ಸಾಕ್ಷಿಗಳ ಎದುರು ಮಾಡಿದ ಕೆಲಸವನ್ನು ನಾವು ದಿನವೂ ಸಾಕ್ಷಿಯಿಲ್ಲದೆ ಮಾಡುತ್ತೇವೆ. ಅವನು ಅದನ್ನು ಹೇಗೆ ಮಾಡಿದ, ಎಲ್ಲಿ ಕಣ್ಣಿಟ್ಟ, ಎಲ್ಲಿ ಕಣ್ಣು ಹಾಯಿಸಲಿಲ್ಲ ಎಂಬುದನ್ನು ನೋಡಿದರೆ ನಮ್ಮ ಹಂಚಿಕೆಯೂ ಒಂದಿಷ್ಟು ಸ್ಪಷ್ಟವಾದೀತು.

ಅವನ ಬೆನ್ನ ಹಿಂದೆ ಇದ್ದದ್ದು ಇಂಗ್ಲೆಂಡಿನ ಕಾನೂನು. ಉಯಿಲಿಲ್ಲದೆ ತಂದೆ ಸತ್ತರೆ ಭೂಮಿಯೆಲ್ಲ ಹಿರಿಯ ಮಗನಿಗೆ. ವರ್ಜೀನಿಯಾದಂಥ ವಸಾಹತುಗಳಲ್ಲಿ ಅದೇ ಪದ್ಧತಿ ಮುಂದುವರಿಯಿತು. ನ್ಯೂ ಇಂಗ್ಲೆಂಡಿನ ಮ್ಯಾಸಚೂಸೆಟ್ಸ್‌ನವರು 1641ರಲ್ಲೇ ಅದನ್ನು ಸಡಿಲಿಸಿದರು. ಬೈಬಲಿನ ಧರ್ಮೋಪದೇಶಕಾಂಡವನ್ನು ಅನುಸರಿಸಿ ಹಿರಿಯನಿಗೆ ಎರಡು ಪಾಲು, ಉಳಿದ ಮಕ್ಕಳಿಗೆ ಒಂದೊಂದು ಪಾಲು ಎಂದು ಗೊತ್ತುಮಾಡಿದರು. ಇಂಗ್ಲೆಂಡಿನ ಕಿರಿಯ ಮಕ್ಕಳ ಪಾಡಿಗೆ ಹೋಲಿಸಿದರೆ ಇದು ದೊಡ್ಡ ಉದಾರತೆಯೇ.

ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ಮೇಲೆ ವರ್ಜೀನಿಯಾದಲ್ಲಿ ಹಳೆಯ ಕಾನೂನುಗಳನ್ನು ತಿದ್ದಲು ಒಂದು ಸಮಿತಿ ಕೂತಿತು. ಅದರಲ್ಲಿ ಥಾಮಸ್ ಜೆಫರ್ಸನ್ ಇದ್ದರು, ಹಿರಿಯರಾದ ಎಡ್ಮಂಡ್ ಪೆಂಡಲ್ಟನ್ ಇದ್ದರು. ಹಿರಿಯ ಮಗನ ಹಕ್ಕು ಉಳಿಯಲಿ ಎಂಬುದು ಪೆಂಡಲ್ಟನ್ ಅವರ ಆಸೆ. ಅದು ನಡೆಯದು ಎಂದು ಕಂಡಾಗ, ಕಡೆಯಪಕ್ಷ ಎರಡು ಪಾಲನ್ನಾದರೂ ಕೊಡೋಣ ಎಂದರು. ಜೆಫರ್ಸನ್ ತಮ್ಮ ಆತ್ಮಕಥನದಲ್ಲಿ ತಾವು ಕೊಟ್ಟ ಉತ್ತರವನ್ನು ದಾಖಲಿಸಿದ್ದಾರೆ. ಹಿರಿಯ ಮಗ ಎರಡರಷ್ಟು ಉಣ್ಣಬಲ್ಲವನಾದರೆ, ಎರಡಾಳಿನ ಕೆಲಸ ಮಾಡಬಲ್ಲವನಾದರೆ ಎರಡು ಪಾಲು ಕೇಳಲಿ; ಶಕ್ತಿಯಲ್ಲೂ ಅಗತ್ಯದಲ್ಲೂ ಒಡಹುಟ್ಟಿದವರಂತೆಯೇ ಇರುವವನು ಪಾಲಿನಲ್ಲೂ ಅವರಂತೆಯೇ ಇರಲಿ ಎಂಬುದು ಅದರ ಸಾರ. 1785ರಲ್ಲಿ ಕಾನೂನು ಹಾಗೆಯೇ ಬದಲಾಯಿತು. ಎರಡು ವರ್ಷದ ಬಳಿಕ, 1787ರಲ್ಲಿ, ಓಹಾಯೊ ನದಿಯ ಆಚೆಯ ಹೊಸ ಪ್ರದೇಶಗಳಿಗೆಂದು ಮಾಡಿದ ಶಾಸನವೂ ಉಯಿಲಿಲ್ಲದ ಆಸ್ತಿ ಮಕ್ಕಳಿಗೆಲ್ಲ ಸಮನಾಗಿ ಹೋಗಬೇಕು ಎಂದಿತು.

ಕಾನೂನು ಸಮಪಾಲು ಎಂದಿತು, ಸರಿ. ನೆಲ ಹಿಗ್ಗುವುದಿಲ್ಲವಲ್ಲ. ಅದು ಈ ಶಾಸನಗಳಿಗೂ ಮೊದಲೇ ಗೊತ್ತಾಗಿತ್ತು. ಮ್ಯಾಸಚೂಸೆಟ್ಸ್‌ನ ಆ್ಯಂಡೋವರ್ ಎಂಬ ಊರಿನ ಕುಟುಂಬಗಳನ್ನು ನಾಲ್ಕು ತಲೆಮಾರಿನ ಉದ್ದಕ್ಕೂ ಹಿಂಬಾಲಿಸಿ ಫಿಲಿಪ್ ಗ್ರೆವೆನ್ ಎಂಬ ಇತಿಹಾಸಕಾರ 1970ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮೊದಲ ತಲೆಮಾರಿನವರಿಗೆ ಬೇಕಾದಷ್ಟು ಭೂಮಿಯಿತ್ತು. ಮಕ್ಕಳಿಗೆ ಅದರಲ್ಲಿ ಮನೆ ಕಟ್ಟಿಕೊಳ್ಳಲು ಬಿಟ್ಟರು, ಉಳಲು ಬಿಟ್ಟರು. ಆದರೆ ಪತ್ರವನ್ನು ಮಾತ್ರ ಮಾಡಿಕೊಡಲಿಲ್ಲ. ಮಗನಿಗೆ ಮದುವೆಯಾಗುವ ಹೊತ್ತಿಗೆ ಇಪ್ಪತ್ತೇಳರ ಆಸುಪಾಸು. ಮಕ್ಕಳಾಗಿ, ತಲೆ ನರೆಯುತ್ತಿದ್ದರೂ ಕಾಲ ಕೆಳಗಿನ ನೆಲ ಅಪ್ಪನ ಹೆಸರಿನಲ್ಲೇ. ಅಪ್ಪ ಕಣ್ಣು ಮುಚ್ಚಿದ ಮೇಲೆಯೇ ಅನೇಕರು ತಾವು ಉತ್ತ ಹೊಲಕ್ಕೆ ಒಡೆಯರಾದದ್ದು. ಮೊಮ್ಮಕ್ಕಳ ಕಾಲಕ್ಕೆ ಹೋಳು ಮಾಡಲು ನೆಲ ಉಳಿಯಲಿಲ್ಲ. ಹಲವರು ಊರು ಬಿಟ್ಟು ನ್ಯೂ ಹ್ಯಾಂಪ್‌ಷೈರಿಗೆ, ಕನೆಕ್ಟಿಕಟ್ಟಿಗೆ ಹೋದರು.

ಅಪ್ಪಂದಿರು ಪತ್ರವನ್ನು ಬಿಗಿಹಿಡಿದದ್ದು ಪ್ರೀತಿಯಿಂದಲೋ ಅಧಿಕಾರದ ಆಸೆಯಿಂದಲೋ? ಎರಡೂ ಇದ್ದಿರಬೇಕು. ಮಕ್ಕಳು ಕಣ್ಣೆದುರಿಗಿರಲಿ ಎಂಬುದು ಆಸೆ. ಕೊಟ್ಟುಬಿಟ್ಟರೆ ನಾಳೆ ತನ್ನನ್ನು ಯಾರು ನೋಡುತ್ತಾರೆ ಎಂಬುದು ಅಂಜಿಕೆ. ಬದುಕಿರುವಾಗಲೇ ಹೊಲ ಬರೆದುಕೊಟ್ಟವರೂ ಇದ್ದರು. ಅವರಲ್ಲಿ ಕೆಲವರು ಮಗನಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು. ಅಪ್ಪ ಅಮ್ಮನಿಗೆ ಅನ್ನ, ಬಟ್ಟೆ, ಬೆಂಕಿ, ಕಾಯಿಲೆಯಲ್ಲಿ ಆರೈಕೆ. ತಪ್ಪಿದರೆ ಇಷ್ಟು ದಂಡ. ಪೆನ್ಸಿಲ್ವೇನಿಯಾದ ಆಮಿಶ್ ರೈತರಲ್ಲಿ ಇದಕ್ಕೆ ಇನ್ನೊಂದು ದಾರಿ ರೂಢಿಯಾಯಿತು, ಇಂದಿಗೂ ಉಳಿದಿದೆ. ಬೇಸಾಯವನ್ನು ಮಗನಿಗೋ ಮಗಳಿಗೋ ವಹಿಸಿ, ದೊಡ್ಡ ಮನೆಗೆ ಅಂಟಿಕೊಂಡಂತೆ ಕಟ್ಟಿದ ಅಜ್ಜ ಅಜ್ಜಿಯ ಸಣ್ಣ ಮನೆಗೆ ಹಿರಿಯರು ಸರಿಯುತ್ತಾರೆ. ಬಾಗಿಲು ಬೇರೆ, ಅಂಗಳ ಒಂದೇ.

ಈಗ ಸೌದೆಯ ಸಾಲಿಗೆ ಬರೋಣ. ಆ ಕಾಲದ ಕಾನೂನಿನಲ್ಲಿ ಗಂಡ ಬದುಕಿರುವಷ್ಟು ದಿನ ಹೆಂಡತಿಗೆ ಸ್ವಂತ ಆಸ್ತಿ ಎಂಬುದು ಬಹುಮಟ್ಟಿಗೆ ಇರಲಿಲ್ಲ. ಅವನು ಸತ್ತರೆ ಭೂಮಿಯ ಮೂರನೆಯ ಒಂದು ಭಾಗದ ಅನುಭೋಗ ಅವಳು ಇರುವವರೆಗೆ. ಅದನ್ನು ಮಾರುವಂತಿಲ್ಲ. ಪಾಲು ಮಾಡಲು ಬಂದ ಪಂಚರು ಕೆಲವೊಮ್ಮೆ ಮನೆಯನ್ನೇ ಗೆರೆ ಎಳೆದು ಭಾಗ ಮಾಡುತ್ತಿದ್ದರು. ಇಷ್ಟು ಕೋಣೆ ವಿಧವೆಗೆ, ಮೆಟ್ಟಿಲು ಇಬ್ಬರಿಗೂ, ಬಾವಿ ಇಬ್ಬರಿಗೂ. ನಿನ್ನೆಯವರೆಗೆ ಇಡೀ ಮನೆಯಲ್ಲಿ ಕೈಯಾಡಿಸುತ್ತಿದ್ದವಳು ಇಂದು ಬಾವಿಗೆ ಹೋಗಲು ಬರೆದಿಟ್ಟ ಹಕ್ಕನ್ನು ಹಿಡಿದು ಸೊಸೆಯ ಅಡುಗೆಮನೆಯನ್ನು ದಾಟಬೇಕು.

ಹೆತ್ತ ಮಗ ತಾಯಿಗೆ ಸೌದೆ ಒಡೆದುಕೊಡುವುದಿಲ್ಲವೇ, ಅದನ್ನೂ ಬರೆಸಬೇಕೇ ಎಂದು ಮೊದಲ ಓದಿಗೆ ಬೇಸರವಾಗುತ್ತದೆ. ಇನ್ನೊಮ್ಮೆ ಓದಿದಾಗ ಬೇರೆಯದೇ ಕಾಣುತ್ತದೆ. ಬರೆಸಿದವನು ಜನವರಿಯ ಹಿಮವನ್ನು ಬಲ್ಲವನು. ಸೌದೆ ಕೊಡಬೇಕು ಎಂದಷ್ಟೇ ಬರೆಸಿದರೆ ಕಾಡಿನಲ್ಲಿ ಬಿದ್ದಿರುವ ಮರವನ್ನು ತೋರಿಸಿ ಅದೋ ನಿಮ್ಮ ಸೌದೆ ಎನ್ನಬಹುದು. ಆದ್ದರಿಂದ ಕಡಿದು ಎಂದ. ಅರವತ್ತು ದಾಟಿದ ಕೈಗೆ ಕೊಡಲಿ ಏಳದು. ಆದ್ದರಿಂದ ಸೀಳಿ ಎಂದ. ಮೊಣಕಾಲುದ್ದದ ಹಿಮದಲ್ಲಿ ಕೊಟ್ಟಿಗೆಯವರೆಗೆ ನಡೆಯಲಾಗದು. ಆದ್ದರಿಂದ ಬಾಗಿಲ ಬಳಿ ಎಂದ. ತಾನಿಲ್ಲದ ಮನೆಯಲ್ಲಿ ಅವಳ ಒಂದು ಬೆಳಗನ್ನು ಅವನು ಮನಸ್ಸಿನಲ್ಲಿ ನಡೆದು ನೋಡಿದ್ದಾನೆ. ಎಲ್ಲಿ ಅವಳು ಯಾರ ಮುಖ ನೋಡಬೇಕಾಗುತ್ತದೆ ಎಂದು ಹುಡುಕಿ, ಅಲ್ಲೆಲ್ಲ ಒಂದೊಂದು ಸಾಲು ಬರೆಸಿದ್ದಾನೆ. ಬೇಡಬೇಕಾದದ್ದನ್ನು ಕೇಳಬಹುದಾದದ್ದಾಗಿ ಮಾಡಿದ್ದಾನೆ.

ಪ್ರೀತಿಯಿದ್ದ ಕಡೆ ಬರವಣಿಗೆ ಬೇಡ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳುವವರು ಬಹುಪಾಲು ಕೊಡುವ ಜಾಗದಲ್ಲಿ ಇರುವವರೇ. ಕೈಯೊಡ್ಡುವ ಜಾಗದಲ್ಲಿ ನಿಂತವರಿಗೆ ಗೊತ್ತು, ಒಳ್ಳೆಯ ಮಗನಿಗೂ ಕೆಟ್ಟ ದಿನಗಳಿರುತ್ತವೆ, ಅಂಥ ದಿನವೂ ಒಲೆ ಉರಿಯಬೇಕು.

ಹಾಗೆಂದು ಅವನ ಔದಾರ್ಯವನ್ನು ಹೊಗಳಿ ಮುಗಿಸುವಂತಿಲ್ಲ. ಅದೇ ಉಯಿಲುಗಳಲ್ಲಿ ಸೌದೆಯ ಸಾಲಿನ ಜೊತೆಗೆ ಇನ್ನೊಂದು ಸಾಲೂ ಆಗಾಗ ಬರುತ್ತದೆ: ಇದೆಲ್ಲ ಅವಳು ನನ್ನ ವಿಧವೆಯಾಗಿ ಇರುವವರೆಗೆ ಮಾತ್ರ. ಮರುಮದುವೆಯಾದರೆ ಕೋಣೆಯೂ ಹೋಯಿತು, ಹಸುವೂ ಹೋಯಿತು.

ಹೆಣ್ಣುಮಕ್ಕಳ ಪಾಲು ಬೇರೆ ಬಗೆಯದು. ನೆಲ ಸಾಮಾನ್ಯವಾಗಿ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಹೊತ್ತು ಸಾಗಿಸಬಹುದಾದ ವಸ್ತುಗಳು. ಹಾಸಿಗೆ, ನಾರುಬಟ್ಟೆ, ತವರದ ತಟ್ಟೆಗಳು, ಒಂದು ಹಸು, ಒಂದಿಷ್ಟು ಹಣ. ಮದುವೆಯಲ್ಲಿ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯುವುದೂ ಇತ್ತು. ಅಮೆರಿಕದ ಮಿಶಿಗನ್‌ನಲ್ಲಿರುವ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಒಂದು ಮರದ ಬೀರು ಇದೆ. ಮ್ಯಾಸಚೂಸೆಟ್ಸ್‌ನ ಹ್ಯಾಡ್ಲಿ ಊರಿನದು, ಸುಮಾರು 1715ರ ಕಾಲದ್ದು. ಬಳ್ಳಿ, ಹೂವು, ಹೃದಯದ ಆಕಾರಗಳ ಬಣ್ಣದ ಕೆಲಸದ ನಡುವೆ, ಎದುರಿನಿಂದಲೇ ಕಾಣುವಂತೆ ದೊಡ್ಡ ಅಕ್ಷರಗಳಲ್ಲಿ ಒಂದು ಪೂರ್ತಿ ಹೆಸರು: ಹ್ಯಾನಾ ಬರ್ನಾರ್ಡ್. ಆಕೆ ಮದುವೆಯಾಗಿ ಕೆಲವೇ ವರ್ಷಗಳಲ್ಲಿ, ಅಬಿಗೇಲ್ ಎಂಬ ಮಗಳನ್ನು ಹೆತ್ತು ತೀರಿಕೊಂಡಳು. ಬೀರು ಮಗಳಿಗೆ ಬಂತು. ಅಬಿಗೇಲ್ ತನ್ನ ಮಗಳೊಬ್ಬಳಿಗೆ ಹ್ಯಾನಾ ಬರ್ನಾರ್ಡ್ ಎಂದೇ ಹೆಸರಿಟ್ಟಳು. ನೆಲದ ಪತ್ರಗಳಲ್ಲಿ ಜಾಗ ಸಿಗದ ತವರಿನ ಹೆಸರು, ಮದುವೆಯಾದೊಡನೆ ಅಳಿಸಿಹೋಗುವ ಹೆಸರು, ಒಂದು ಬೀರುವಿನ ಮೇಲೆ ಕೂತು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಾಗಿತು. ತಮಗೆ ಸಿಕ್ಕ ಸಣ್ಣ ಪಾಲಿನಲ್ಲೇ ಹೆಣ್ಣುಮಕ್ಕಳು ಒಂದು ವಂಶಾವಳಿ ಬರೆದುಕೊಂಡರು.

ಕೆಲವು ಉಯಿಲುಗಳಲ್ಲಿ ಒಬ್ಬ ಮಗನಿಗೋ ಮಗಳಿಗೋ ಒಂದು ಶಿಲಿಂಗ್, ಐದು ಶಿಲಿಂಗ್ ಎಂದಷ್ಟೇ ಇರುತ್ತದೆ. ಅಪ್ಪನಿಗೆ ಸಿಟ್ಟಿತ್ತೇನೋ ಎನ್ನಿಸುತ್ತದೆ. ಕೆಲವೊಮ್ಮೆ ಸಿಟ್ಟೇ ಹೌದು. ಎಷ್ಟೋ ಸಲ ಮಾತ್ರ, ಆ ಮಗನಿಗೆ ಹೊಲವೋ ಹಣವೋ ಮೊದಲೇ ಸಂದಿರುತ್ತಿತ್ತು. ಅಪ್ಪ ಇವನನ್ನು ಮರೆತಿದ್ದಾನೆ ಎಂದು ನಾಳೆ ಯಾರೂ ತಕರಾರು ತೆಗೆಯಬಾರದೆಂದು ಆ ನಾಣ್ಯದ ಸಾಲು. ಹೊರಗಿನವರ ಕಣ್ಣಿಗೆ ಅನ್ಯಾಯವಾಗಿ ಕಾಣುವ ಪಾಲಿನ ಹಿಂದೆ ಹೀಗೊಂದು ಹಳೆಯ ಲೆಕ್ಕ ಇರಬಹುದು. ಬೇರೆಯವರ ಮನೆಯ ಪಾಲುಪಟ್ಟಿಗೆ ತೀರ್ಪು ಕೊಡುವ ಮೊದಲು ಇಷ್ಟು ನೆನಪಿದ್ದರೆ ಒಳ್ಳೆಯದು.

ಆದರೆ ಯಾವ ಹಳೆಯ ಲೆಕ್ಕವೂ ಸಮರ್ಥಿಸಲಾರದ ಸಾಲುಗಳು ಇದೇ ಕಾಗದಗಳಲ್ಲಿವೆ. ರೈತ ಸತ್ತ ಮೇಲೆ ನೆರೆಯ ಎರಡು ಮೂರು ಮಂದಿ ಮನೆಗೆ ಬಂದು, ಕೋಣೆ ಕೋಣೆ ಹೊಕ್ಕು, ಪ್ರತಿಯೊಂದಕ್ಕೂ ಬೆಲೆ ಕಟ್ಟಿ ಪಟ್ಟಿ ಮಾಡುತ್ತಿದ್ದರು. ಗುದ್ದಲಿಗೆ ಇಷ್ಟು, ಕುದುರೆಗೆ ಇಷ್ಟು, ಹಳೆಯ ಪುಸ್ತಕಗಳಿಗೆ ಇಷ್ಟು. ಗುಲಾಮರಿದ್ದ ಮನೆಗಳಲ್ಲಿ ಅದೇ ಪಟ್ಟಿಯಲ್ಲಿ ಒಬ್ಬ ಗಂಡಸಿನ ಹೆಸರು, ಬೆಲೆ. ಒಬ್ಬ ಹೆಂಗಸಿನ ಹೆಸರು, ಬೆಲೆ. ಅವಳ ಮಗುವಿನ ಹೆಸರು, ಬೆಲೆ. ಯಜಮಾನನ ಮಕ್ಕಳಿಗೆ ಪಾಲಿನ ದಿನವಾದದ್ದು ಅವರಿಗೆ ಅಗಲಿಕೆಯ ದಿನವಾಗಬಹುದಿತ್ತು.

1743ರಲ್ಲಿ ವರ್ಜೀನಿಯಾದಲ್ಲಿ ಆಗಸ್ಟಿನ್ ವಾಷಿಂಗ್ಟನ್ ತೀರಿಕೊಂಡಾಗ ದೊಡ್ಡ ಆಸ್ತಿ ಹಿರಿಯ ಮಗ ಲಾರೆನ್ಸ್‌ಗೆ ಹೋಯಿತು. ಹನ್ನೊಂದು ವರ್ಷದ ಇನ್ನೊಬ್ಬ ಮಗನಿಗೆ ನದಿಯ ದಂಡೆಯ ಒಂದು ಹೊಲ ಮತ್ತು ಹತ್ತು ಮಂದಿ ಗುಲಾಮರು ಬಂದರು. ಆ ಹುಡುಗ ಜಾರ್ಜ್ ವಾಷಿಂಗ್ಟನ್. ಐವತ್ತಾರು ವರ್ಷಗಳ ನಂತರ, 1799ರ ಬೇಸಿಗೆಯಲ್ಲಿ, ಅವರು ಕೂತು ತಮ್ಮ ಕೈಯಾರೆ ಉಯಿಲು ಬರೆದರು. ತಮ್ಮ ಹೆಸರಿನಲ್ಲಿದ್ದ 123 ಮಂದಿಯನ್ನು, ಹೆಂಡತಿ ಮಾರ್ಥಾ ಅವರ ಕಾಲಾನಂತರ, ಬಿಡುಗಡೆ ಮಾಡಬೇಕೆಂದರು. ಆದರೆ ಅವರ ಮನೆಯಲ್ಲಿದ್ದ ಇನ್ನೂ 153 ಮಂದಿಯನ್ನು ಬಿಡಿಸಲು ಅವರಿಗೆ ಅಧಿಕಾರವಿರಲಿಲ್ಲ. ಈ ಮಂದಿ ಮಾರ್ಥಾ ಅವರ ಮೊದಲ ಗಂಡನ ಆಸ್ತಿಯಿಂದ, ವಿಧವೆಯ ಮೂರನೆಯ ಒಂದು ಪಾಲಾಗಿ ಬಂದವರು. ಎರಡೂ ಗುಂಪಿನವರು ತಮ್ಮತಮ್ಮಲ್ಲಿ ಮದುವೆಯಾಗಿದ್ದರು. ಮಾರ್ಥಾ 1801ರ ಜನವರಿ ಒಂದರಂದೇ ಗಂಡನ ಕಡೆಯವರನ್ನು ಬಿಡುಗಡೆ ಮಾಡಿದರು. ಮರುವರ್ಷ ಅವರು ತೀರಿಕೊಂಡಾಗ ಉಳಿದವರು ನಾಲ್ವರು ಮೊಮ್ಮಕ್ಕಳಿಗೆ ಹಂಚಿಹೋದರು. ಗಂಡ ಸ್ವತಂತ್ರ, ಹೆಂಡತಿ ಮಕ್ಕಳು ಯಾರದೋ ಪಾಲು. ಬಡ ವಿಧವೆಯ ಒಲೆ ಆರದಂತೆ ನೋಡಿಕೊಂಡ ಮೂರನೆಯ ಒಂದು ಭಾಗದ ಕಾನೂನೇ ಇಲ್ಲಿ ಕುಟುಂಬಗಳನ್ನು ಸೀಳಿತು. ಹಿರಿಯ ಮಗ ಎರಡರಷ್ಟು ಉಣ್ಣುವನೇ ಎಂದು ಕೇಳಿದ ಜೆಫರ್ಸನ್ ಕೂಡ ನೂರಾರು ಗುಲಾಮರ ಒಡೆಯರು. ಅವರು ಸಾಲದಲ್ಲಿ ತೀರಿಕೊಂಡ ಮೇಲೆ, 1827ರಲ್ಲಿ, ಅವರ ಮಾಂಟಿಚೆಲೊ ಎಸ್ಟೇಟಿನಲ್ಲಿ 130 ಮಂದಿಯ ಹರಾಜು ಸಾರಿದರು.

ಇನ್ನು ನೆಲದ ಮಾತು. ಮಕ್ಕಳು ಕಾದು ಕಾದು ಪಡೆದ ಆ ಆ್ಯಂಡೋವರಿನ ನೆಲ ಅಪ್ಪಂದಿರಿಗೆ ಎಲ್ಲಿಂದ ಬಂತು? 1646ರಲ್ಲಿ ಅಲ್ಲಿನ ಮೂಲನಿವಾಸಿಗಳ ನಾಯಕ ಕಟ್‌ಶಮಾಚೆ ನ್ಯಾಯಾಲಯದ ಮುಂದೆ ಬಂದು, ಆರು ಪೌಂಡು ಹಣ ಮತ್ತು ಒಂದು ಮೇಲಂಗಿಗೆ ಆ ಊರಿನ ನೆಲವನ್ನು ಕೊಟ್ಟಿರುವುದಾಗಿ ಒಪ್ಪಿಕೊಂಡ. ಅದರಲ್ಲೂ ಸಣ್ಣ ಸಾಲುಗಳಿವೆ. ರೋಜರ್ ಎಂದು ಇಂಗ್ಲಿಷರು ಕರೆಯುತ್ತಿದ್ದ ಮೂಲನಿವಾಸಿ ಮತ್ತು ಅವನ ಕಡೆಯವರು ತಮ್ಮ ಊಟದ ಮಟ್ಟಿಗೆ ಹೊಳೆಯಲ್ಲಿ ಮೀನು ಹಿಡಿಯಬಹುದು; ಅವನು ಬಿತ್ತಿಕೊಂಡಿದ್ದ ನಾಲ್ಕು ಎಕರೆ ಅವನಿಗೇ ಇರಲಿ. ಊರವರ ಪೈರನ್ನು ಹಾಳುಮಾಡಿದರೆ ಅಥವಾ ಕದ್ದರೆ ಮೀನಿನ ಹಕ್ಕು ಎಂದೆಂದಿಗೂ ರದ್ದು. ವಿಧವೆಗೆ ಹಾಕಿದಂಥದೇ ಷರತ್ತು. ಪಟ್ಟಿ ಬರೆದವರಿಗೆ ಅವನ ಹಸಿವು ಕಾಣದೇ ಇರಲಿಲ್ಲ, ಕಂಡು ನಾಲ್ಕು ಎಕರೆಗೆ ಗೆರೆ ಎಳೆದರು.

ಹಂಚಿಕೆಯ ಬೇರೊಂದು ರೀತಿ ಡೇನಿಯಲ್ ವೆಬ್‌ಸ್ಟರ್ ಅವರ ಆತ್ಮಕಥನದಲ್ಲಿದೆ. ಮುಂದೆ ದೊಡ್ಡ ವಾಗ್ಮಿ, ಸೆನೆಟರ್ ಎನಿಸಿಕೊಂಡವರು ಡೇನಿಯಲ್. ಅವರ ತಂದೆ ಎಬೆನೀಜರ್ ನ್ಯೂ ಹ್ಯಾಂಪ್‌ಷೈರಿನ ಸ್ಯಾಲಿಸ್ಬರಿಯ ರೈತ. ಡೇನಿಯಲ್ ಡಾರ್ಟ್‌ಮತ್ ಕಾಲೇಜಿಗೆ ಸೇರಿದ್ದರು. ಅಣ್ಣ ಎಜೆಕಿಯಲ್ ಹೊಲ ನೋಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ರಜೆಗೆ ಬಂದ ಡೇನಿಯಲ್‌ಗೆ ಅಣ್ಣನಿಗೆ ಅನ್ಯಾಯವಾಗುತ್ತಿದೆ ಎನ್ನಿಸಿತು. ರಾತ್ರಿಯೆಲ್ಲ ಅಣ್ಣತಮ್ಮಂದಿರು ಮಾತಾಡಿ, ಬೆಳಗ್ಗೆ ಅಪ್ಪನ ಬಳಿ ವಿಷಯ ಎತ್ತಿದರು. ಇಬ್ಬರನ್ನೂ ಓದಿಸಿದರೆ ಇರುವುದೆಲ್ಲ ಅದಕ್ಕೇ ಹೋಗುತ್ತದೆ ಎಂದರು ಅಪ್ಪ. ತಮ್ಮ ಮಟ್ಟಿಗೆ ಒಪ್ಪಿಗೆಯಿದೆ. ಆದರೆ ಇದರ ಭಾರ ಬೀಳುವುದು ನಿಮ್ಮ ತಾಯಿಯ ಮೇಲೆ, ಮದುವೆಯಾಗದ ಇಬ್ಬರು ಅಕ್ಕತಂಗಿಯರ ಮೇಲೆ, ಅವರನ್ನು ಕೇಳಿ ಎಂದರು. ತಾಯಿಯನ್ನು ಕೇಳಿದರು. ಮಕ್ಕಳ ಮೇಲೆ ನಂಬಿಕೆಯಿದೆ ಎಂದು ಆಕೆ ಒಪ್ಪಿದರು. ಎಜೆಕಿಯಲ್ ಓದಿದರು. ಡೇನಿಯಲ್ ಮುಪ್ಪಾದ ತಂದೆಯ ಹತ್ತಿರವಿರಲೆಂದು ಪಕ್ಕದ ಬೋಸ್ಕಾವನ್‌ನಲ್ಲೇ ವಕೀಲಿ ಶುರುಮಾಡಿ, ತಂದೆ ತೀರಿಕೊಂಡ ಮರುವರ್ಷ, 1807ರಲ್ಲಿ, ಅದನ್ನು ಅಣ್ಣನಿಗೆ ಬಿಟ್ಟುಕೊಟ್ಟು ಬೇರೆ ಊರಿಗೆ ಹೋದರು.

ಎಬೆನೀಜರ್‌ಗೆ ಕಾನೂನಿನ ಪ್ರಕಾರ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಆಸ್ತಿ ಅವರದು, ತೀರ್ಮಾನವೂ ಅವರದೇ ಆಗಬಹುದಿತ್ತು. ಸೌದೆಯ ಸಾಲು ಬರೆಸಿದ ರೈತ ಹೆಂಡತಿಯ ನಾಳೆಗಳನ್ನು ಚೆನ್ನಾಗಿಯೇ ಊಹಿಸಿದ. ಆದರೂ ಅದು ಅವನ ಊಹೆ. ಎಬೆನೀಜರ್ ಊಹಿಸುವುದನ್ನು ಬಿಟ್ಟು ಕೇಳಿಸಿದರು.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. 1850ರ ಮಾರ್ಚ್ 7ರಂದು ಅದೇ ಡೇನಿಯಲ್ ವೆಬ್‌ಸ್ಟರ್ ಸೆನೆಟ್ಟಿನಲ್ಲಿ ನಿಂತು, ಒಕ್ಕೂಟ ಒಡೆಯಬಾರದೆಂಬ ಕಾರಣಕ್ಕೆ, ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಾನೂನನ್ನು ಬೆಂಬಲಿಸಿದರು. ಉತ್ತರ ದಕ್ಷಿಣದ ರಾಜ್ಯಗಳ ನಡುವೆ ದೊಡ್ಡದೊಂದು ರಾಜಿಯ ಹಂಚಿಕೆ ಅದು. ಅದರ ಭಾರ ಯಾರ ಮೇಲೆ ಬೀಳುತ್ತದೆಯೋ ಅವರನ್ನು ಯಾರೂ ಕೇಳಲಿಲ್ಲ. ಭಾರ ಹೊರುವವರನ್ನು ಮೊದಲು ಕೇಳಬೇಕು ಎಂದು ಸ್ವಂತ ಮನೆಯಲ್ಲಿ ಕಲಿತಿದ್ದವರೇ ಕೇಳಲಿಲ್ಲ.

ಹೊಲ, ಬೀರು, ಹಸು, ಹೆಸರು ಇವೆಲ್ಲ ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುತ್ತವೆ. ಇನ್ನೊಬ್ಬರ ಕಷ್ಟವನ್ನು ಕಾಣುವ ಕಣ್ಣು ಮಾತ್ರ ವಾರಸಾಗಿ ಬರುವುದಿಲ್ಲ. ಒಂದು ಕಡೆ ಚುರುಕಾಗಿರುವ ಅದೇ ಕಣ್ಣು ಇನ್ನೊಂದು ಕಡೆ ಮುಚ್ಚಿರಬಹುದು. ಜೆಫರ್ಸನ್‌ಗೆ ಕಿರಿಯ ಮಗನ ಹಸಿವು ಕಂಡಿತು, ತಮ್ಮದೇ ಹೊಲದಲ್ಲಿ ದುಡಿಯುತ್ತಿದ್ದವನ ಹಕ್ಕು ಕಾಣಲಿಲ್ಲ. ಅವರನ್ನು ದೂರುವುದು ಸುಲಭ. ಇನ್ನೂರು ವರ್ಷದ ನಂತರ ನಮ್ಮ ಪಟ್ಟಿಗಳನ್ನು ಓದುವವರಿಗೂ ಅಷ್ಟೇ ಸುಲಭವಾದೀತು.

ಆದ್ದರಿಂದ ಇಂದಿನ ದಿನಕ್ಕೆ ಒಂದೇ ಒಂದು ಕೆಲಸ ಇಟ್ಟುಕೊಳ್ಳಬಹುದು. ಮನೆಯಲ್ಲಿ, ಕಚೇರಿಯಲ್ಲಿ, ಸಂಘದಲ್ಲಿ, ಇಂದು ನಾವು ಏನನ್ನಾದರೂ ಹಂಚುವವರಿರುತ್ತೇವೆ: ರಜೆಯನ್ನು, ಕೆಲಸವನ್ನು, ಖರ್ಚನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಸರದಿಯನ್ನು. ಹಂಚಿ ಮುಗಿಸುವ ಮೊದಲು, ಅದರಲ್ಲಿ ಅತಿ ಕಡಿಮೆ ಸಿಗುವವರು ಯಾರು, ಅತಿ ಹೆಚ್ಚು ಹೊರುವವರು ಯಾರು ಎಂದು ನೋಡಿ, ಅವರ ಪರವಾಗಿ ನಾವೇ ಊಹಿಸಿಕೊಳ್ಳದೆ, ಅವರ ಬಳಿ ಹೋಗಿ ಕೇಳೋಣ. ಅವರು ಹೇಳಿದ ಉತ್ತರಕ್ಕೆ ನಮ್ಮ ಪಟ್ಟಿ ಬದಲಾಗಲು ಸಿದ್ಧವಿದ್ದರೆ ಮಾತ್ರ ಕೇಳಿದಂತೆ.